ಇಪ್ಪತ್ತು ಉತ್ಸಾಹಿಗಳ ಪಟ್ಟಿ ಬೇಡ: ಕಾರ್ಖಾನೆಯಲ್ಲಿ ಟೀಮ್ಸ್ ಪೈಲಟ್ ನಡೆಸುವ ಬಗೆ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಫೌಂಡ್ರಿ ಮತ್ತು ಮೆಷಿನ್ ಶಾಪ್ ಇದೆ, ಬೆಂಗಳೂರಿನ ಪೀಣ್ಯದಲ್ಲಿ ಸೇಲ್ಸ್ ಆಫೀಸು. ಒಟ್ಟು 240 ಜನ. ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು 85. ಕೆಲಸದ ಮಾತೆಲ್ಲ ವಾಟ್ಸಾಪ್ ಗುಂಪುಗಳಲ್ಲೇ ನಡೆಯುತ್ತದೆ. ಡ್ರಾಯಿಂಗ್‌ಗಳು ಅರ್ಧ ಮೇಲ್‌ನಲ್ಲಿ, ಅರ್ಧ ವಾಟ್ಸಾಪ್‌ನಲ್ಲಿ. ಹಳೆಯ ರಿವಿಜನ್ (ತಿದ್ದುಪಡಿಗೆ ಮುಂಚಿನ ಡ್ರಾಯಿಂಗ್) ನೋಡಿ ಮಾಲು ಮಾಡಿದ ಪ್ರಸಂಗಗಳು ಹೆಚ್ಚುತ್ತಿವೆ. ಆ 85 ಮಂದಿಗೆ ಮೈಕ್ರೋಸಾಫ್ಟ್ 365 ಬಿಸಿನೆಸ್ ಸ್ಟ್ಯಾಂಡರ್ಡ್ ಲೈಸೆನ್ಸ್ ಇದ್ದರೂ ಮೇಲ್ ಮತ್ತು ಎಕ್ಸೆಲ್ ಬಿಟ್ಟು ಬೇರೇನೂ ಬಳಸುತ್ತಿಲ್ಲ. ಈಗ ಅದರಲ್ಲಿನ ಟೀಮ್ಸ್ (ಚಾಟ್, ಫೈಲು, ಮೀಟಿಂಗ್ ಒಂದೇ ಕಡೆ ಇರುವ ಆ್ಯಪ್) ಶುರು ಮಾಡಿ ಎಂದು ಆಡಳಿತ ಹೇಳಿದೆ. ಮೊದಲು 20 ಜನರಲ್ಲಿ ಪೈಲಟ್ ಮಾಡೋಣವೆಂದು ಆಸಕ್ತರ ಹೆಸರು ಕೇಳಿದ್ದೇವೆ. ಎಷ್ಟು ದಿನ ನಡೆಸಬೇಕು, ಯಾರನ್ನು ಸೇರಿಸಬೇಕು, ಏನನ್ನು ಅಳೆಯಬೇಕು?

ಉತ್ತರ: ಹೆಸರು ಬರೆಸಿಕೊಳ್ಳುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಪೈಲಟ್‌ಗಳು ಸೊರಗುವುದು ಹೆಚ್ಚಾಗಿ ಇಲ್ಲೇ. ತಾವಾಗಿ ಮುಂದೆ ಬಂದ 20 ಮಂದಿ ಸಾಮಾನ್ಯವಾಗಿ 20 ಕಡೆಯಿಂದ ಬಂದವರು: ಅಕೌಂಟ್ಸ್‌ನವರು ಒಬ್ಬರು, ಎಚ್‌ಆರ್‌ನಿಂದ ಇಬ್ಬರು, ಹೊಸದಾಗಿ ಸೇರಿದ ಎಂಜಿನಿಯರುಗಳು ನಾಲ್ವರು. ದಿನದ ಕೆಲಸದಲ್ಲಿ ಇವರಿಗೆ ಒಬ್ಬರಿಂದ ಒಬ್ಬರಿಗೆ ಆಗಬೇಕಾದದ್ದು ಏನೂ ಇರುವುದಿಲ್ಲ. ಮೊದಲ ವಾರ ಶುಭೋದಯದ ಸಂದೇಶಗಳು, ಎರಡನೇ ವಾರ ಮೌನ. ಕೊನೆಗೆ ‘ಸಾಫ್ಟ್‌ವೇರ್ ಚೆನ್ನಾಗಿದೆ, ನಮಗೆ ಹೊಂದುವುದಿಲ್ಲ’ ಎಂಬ ವರದಿ ಬರುತ್ತದೆ. ಅದು ಹೊಂದುತ್ತದೋ ಇಲ್ಲವೋ ಎಂದು ನೋಡುವ ಅವಕಾಶವೇ ಅಲ್ಲಿ ಸಿಕ್ಕಿರುವುದಿಲ್ಲ.

ಬದಲಿಗೆ ಒಂದು ಕೆಲಸವನ್ನು ಆರಿಸಿ, ಅದು ಮೊದಲಿನಿಂದ ಕೊನೆಯವರೆಗೆ ಯಾರ ಯಾರ ಕೈ ದಾಟುತ್ತದೋ ಅವರೆಲ್ಲರನ್ನೂ ಸೇರಿಸಿ. ಆ ಕೆಲಸ ಯಾವುದೆಂದು ನಿಮ್ಮ ಪ್ರಶ್ನೆಯಲ್ಲೇ ಇದೆ: ಡ್ರಾಯಿಂಗ್ ರಿವಿಜನ್. ಹೆಚ್ಚು ರಿವಿಜನ್ ಕಳಿಸುವ ಒಬ್ಬ ಗ್ರಾಹಕರನ್ನು ಮಾತ್ರ ತೆಗೆದುಕೊಳ್ಳಿ. ಅವರ ಡ್ರಾಯಿಂಗ್ ಪೀಣ್ಯಕ್ಕೆ ಬಂದು, ಡಿಸೈನ್‌ಗೆ ಹೋಗಿ, ಪ್ಯಾಟರ್ನ್ ಶಾಪ್, ಫೌಂಡ್ರಿ, ಮೆಷಿನ್ ಶಾಪ್, ಕ್ವಾಲಿಟಿ ದಾಟಿ ಡಿಸ್ಪ್ಯಾಚ್ ಮುಟ್ಟುವವರೆಗಿನ ಹಾದಿಯನ್ನು ಕಾಗದದ ಮೇಲೆ ಬರೆದು ಎಣಿಸಿ. ನಿಮ್ಮ ಅಳತೆಯ ಕಾರ್ಖಾನೆಯಲ್ಲಿ ಲೆಕ್ಕ ಸುಮಾರು ಹೀಗೆ ಬರುತ್ತದೆ: ಸೇಲ್ಸ್ 3, ಡಿಸೈನ್ 3, ಪ್ಯಾಟರ್ನ್ ಶಾಪ್ 1, ಫೌಂಡ್ರಿ ಮತ್ತು ಮೆಷಿನ್ ಶಾಪ್‌ಗಳಲ್ಲಿ ಶಿಫ್ಟಿಗೆ ಒಬ್ಬರಂತೆ ಸೂಪರ್‌ವೈಸರ್‌ಗಳು 6, ಪ್ಲಾನಿಂಗ್ 1, ಕ್ವಾಲಿಟಿ 4, ಪರ್ಚೇಸ್ 1, ಸ್ಟೋರ್ಸ್ 1, ಡಿಸ್ಪ್ಯಾಚ್ 2, ಪ್ಲಾಂಟ್ ಮ್ಯಾನೇಜರ್ 1. ಒಟ್ಟು 23. ಇವರಲ್ಲಿ ನಾಲ್ಕೈದು ಜನ ‘ನನಗೆ ಇದೆಲ್ಲ ಬೇಡ’ ಎನ್ನುವವರು ಇದ್ದೇ ಇರುತ್ತಾರೆ. ಅವರನ್ನು ಬಿಡಬೇಡಿ. ಉಳಿದ 62 ಮಂದಿಗೆ ವಿಸ್ತರಿಸುವಾಗ ಎದುರಾಗುವ ತೊಡಕುಗಳೆಲ್ಲ ಅವರ ಬಾಯಿಂದ ಈಗಲೇ ಹೊರಬರುತ್ತವೆ.

ಪ್ಲಾಂಟ್ ಮ್ಯಾನೇಜರ್ ಈ ಪಟ್ಟಿಯಲ್ಲಿ ಇರಲೇಬೇಕು. ಅವರು ಒಂದು ಬೆಳಿಗ್ಗೆ ಹಳೆಯ ವಾಟ್ಸಾಪ್ ಗುಂಪಿನಲ್ಲಿ ‘ಆ ಬ್ರಾಕೆಟ್ ಎಲ್ಲಿಗೆ ಬಂತು?’ ಎಂದು ಕೇಳಿದರೆ ಉತ್ತರ ಕೊಡಲು ಎಲ್ಲರೂ ಅಲ್ಲಿಗೇ ಓಡುತ್ತಾರೆ, ಮತ್ತೆ ವಾಪಸ್ ಬರುವುದಿಲ್ಲ. ಪೈಲಟ್‌ಗೆ ಮೊದಲೇ ಅವರೊಂದಿಗೆ ಕುಳಿತು ಒಂದೇ ಒಂದು ಮಾತು ಪಡೆಯಿರಿ: ಈ ಗ್ರಾಹಕರ ವಿಷಯದಲ್ಲಿ ವಾಟ್ಸಾಪ್‌ನಲ್ಲಿ ಪ್ರಶ್ನೆ ಬಂದರೂ ಉತ್ತರವನ್ನು ಟೀಮ್ಸ್‌ನಲ್ಲೇ ಕೊಡುತ್ತೇನೆ ಎಂದು.

ಶುರುವಿಗೆ ಮೊದಲು ಇಂದಿನ ಸ್ಥಿತಿಯನ್ನು ಅಳೆಯಿರಿ. ಇದಕ್ಕೆ ಒಬ್ಬರ ಒಂದು ದಿನ ಸಾಕು. ಈ ಗ್ರಾಹಕರ ಇತ್ತೀಚಿನ 10 ರಿವಿಜನ್‌ಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಎರಡು ಸಮಯ ಬರೆಯಿರಿ: ಪೀಣ್ಯಕ್ಕೆ ಬಂದದ್ದು ಯಾವಾಗ, ಮೆಷಿನ್ ಶಾಪ್‌ನ ಮೂರೂ ಶಿಫ್ಟಿಗೆ ಗೊತ್ತಾದದ್ದು ಯಾವಾಗ. ಮೇಲ್ ಮತ್ತು ವಾಟ್ಸಾಪ್ ತಡಕಿದರೆ ಎರಡೂ ಸಿಗುತ್ತವೆ. ಎರಡನೆಯದಾಗಿ, ಹಿಂದಿನ 4 ವಾರಗಳಲ್ಲಿ ‘ಲೇಟೆಸ್ಟ್ ಡ್ರಾಯಿಂಗ್ ಯಾವುದು?’ ಎಂಬ ಪ್ರಶ್ನೆ ಗುಂಪಿನಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಮೂರನೆಯದಾಗಿ, ರಿಜೆಕ್ಷನ್ ರಿಜಿಸ್ಟರಿನಲ್ಲಿ ಹಳೆಯ ರಿವಿಜನ್ ಕಾರಣದಿಂದ ಹೋದ ತುಂಡುಗಳೆಷ್ಟು ನೋಡಿ. ಈ ಮೂರು ಅಂಕಿ ಕೈಯಲ್ಲಿಲ್ಲದಿದ್ದರೆ ಆರು ವಾರದ ನಂತರದ ಸಭೆಯಲ್ಲಿ ಯಾರ ದನಿ ಜೋರೋ ಅವರ ಮಾತು ನಡೆಯುತ್ತದೆ.

ಅವಧಿ: ತಯಾರಿಗೆ 2 ವಾರ, ಓಟಕ್ಕೆ 6 ವಾರ. ಅದಕ್ಕಿಂತ ಚಿಕ್ಕದಾದರೆ ಹೊಸತನದ ಗೊಂದಲವನ್ನಷ್ಟೇ ಅಳೆದಂತಾಗುತ್ತದೆ; ಉದ್ದವಾದರೆ ‘ಇದು ಟ್ರಯಲ್ ತಾನೆ’ ಎಂದು ಜನ ಸಡಿಲ ಬಿಡುತ್ತಾರೆ. ಮಾರ್ಚ್ ಕೊನೆಯ ಲೆಕ್ಕದ ದಿನಗಳು, ಗಣೇಶ ಚತುರ್ಥಿ, ಆಯುಧಪೂಜೆಯಿಂದ ದೀಪಾವಳಿವರೆಗಿನ ಕಾಲ ಈ 8 ವಾರದೊಳಗೆ ಬೀಳದಂತೆ ದಿನ ಹಿಡಿಯಿರಿ. ಗಣೇಶ ವಿಸರ್ಜನೆಯ ವಾರದಲ್ಲಿ ಬೆಳಗಾವಿಯಲ್ಲಿ ಶಿಫ್ಟ್ ತುಂಬಿಸುವುದೇ ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ.

ಈಗ ಸೆಟ್ಟಿಂಗ್ ವಿಷಯ. ಮೊದಲು ಲೈಸೆನ್ಸ್ ನೋಡಿ. ಬಿಸಿನೆಸ್ ಸ್ಟ್ಯಾಂಡರ್ಡ್ ಟೀಮ್ಸ್ ಸೇರಿಯೂ ಸಿಗುತ್ತದೆ, ಟೀಮ್ಸ್ ಇಲ್ಲದೆಯೂ ಸಿಗುತ್ತದೆ. ನಿಮ್ಮದು ಯಾವುದೆಂದು ಅಡ್ಮಿನ್ ಸೆಂಟರಿನಲ್ಲಿ (ಮೈಕ್ರೋಸಾಫ್ಟ್ 365 ನಿರ್ವಹಿಸುವ ಪುಟ) ಖಚಿತ ಮಾಡಿಕೊಳ್ಳಿ. ಆಮೇಲೆ ಒಂದೇ ಟೀಮ್ (ಸದಸ್ಯರ ಗುಂಪು) ಮಾಡಿ, ಅದರಲ್ಲಿ ನಾಲ್ಕೇ ಚಾನೆಲ್ (ವಿಷಯಕ್ಕೊಂದು ವಿಭಾಗ): ಡ್ರಾಯಿಂಗ್ ರಿವಿಜನ್, ಪ್ಲಾನಿಂಗ್, ರಿಜೆಕ್ಷನ್, ಡಿಸ್ಪ್ಯಾಚ್. ಇಲಾಖೆಗೊಂದು ಚಾನೆಲ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಒಂದು ತುಂಡಿನ ಕಥೆ ಏಳು ಕಡೆ ಹಂಚಿಹೋಗುತ್ತದೆ, ಕ್ವಾಲಿಟಿಯವರು ಬರೆದದ್ದು ಫೌಂಡ್ರಿಯವರ ಕಣ್ಣಿಗೆ ಬೀಳುವುದಿಲ್ಲ. ಕೆಲವರಿಗೆ ಮಾತ್ರ ಕಾಣುವ ಪ್ರೈವೇಟ್ ಚಾನೆಲ್ ಈ ಹಂತದಲ್ಲಿ ಬೇಡವೇ ಬೇಡ. ಅಂಥ ಪ್ರತಿ ಚಾನೆಲಿಗೂ ಬೇರೆಯದೇ ಶೇರ್‌ಪಾಯಿಂಟ್ ಸೈಟ್ (ಫೈಲು ಇಡುವ ಆನ್‌ಲೈನ್ ಜಾಗ) ಹುಟ್ಟಿಕೊಳ್ಳುತ್ತದೆ, ಫೈಲು ಎಲ್ಲಿದೆ ಎಂಬ ಗೊಂದಲ ದುಪ್ಪಟ್ಟಾಗುತ್ತದೆ.

ಹೊಸ ಟೀಮ್ ಮಾಡುವ ಅಧಿಕಾರ ಮೂಲತಃ ಎಲ್ಲ ಬಳಕೆದಾರರಿಗೂ ಇರುತ್ತದೆ. ಅದನ್ನು ಕೆಲವರಿಗೆ ಸೀಮಿತಗೊಳಿಸಲು ಎಂಟ್ರಾ ಐಡಿ ಪಿ1 (ಮೈಕ್ರೋಸಾಫ್ಟ್‌ನ ಖಾತೆ ನಿರ್ವಹಣೆಯ ಸೇವೆ) ಲೈಸೆನ್ಸ್ ಬೇಕು. ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಅದು ಬರುವುದಿಲ್ಲ. ಆದ್ದರಿಂದ ‘ಪೈಲಟ್ ಮುಗಿಯುವವರೆಗೆ ಹೊಸ ಟೀಮ್ ಬೇಡ’ ಎಂದು ಬಾಯಲ್ಲೇ ಹೇಳಿ, ಸೋಮವಾರಕ್ಕೊಮ್ಮೆ ಅಡ್ಮಿನ್ ಪಟ್ಟಿ ನೋಡಲಿ. ಗ್ರಾಹಕರನ್ನಾಗಲಿ ಜಾಬ್‌ವರ್ಕ್ ಮಾಡುವವರನ್ನಾಗಲಿ ಗೆಸ್ಟ್ ಆಗಿ ಸೇರಿಸುವುದು ಈಗ ಬೇಡ.

ಫೈಲು ಎಲ್ಲಿ ಕೂರುತ್ತದೆ ಎಂಬುದನ್ನು 23 ಮಂದಿಯೂ ತಿಳಿದಿರಬೇಕು. ಇಲ್ಲಿ ತಪ್ಪಿದರೆ ಮುಂದೆಲ್ಲ ತಪ್ಪು. ಚಾನೆಲಿನಲ್ಲಿ ಹಾಕಿದ ಫೈಲು ಟೀಮಿನ ಶೇರ್‌ಪಾಯಿಂಟ್‌ಗೆ ಹೋಗುತ್ತದೆ. ಅದು ಕಂಪನಿಯ ಕಪಾಟು. ಒಬ್ಬರಿಗೊಬ್ಬರು ಚಾಟ್‌ನಲ್ಲಿ ಕಳಿಸಿದ ಫೈಲು ಕಳಿಸಿದವರ ಒನ್‌ಡ್ರೈವ್‌ನಲ್ಲಿ ಉಳಿಯುತ್ತದೆ. ಅದು ಅವರ ಮೇಜಿನ ಡ್ರಾಯರ್. ಆ ವ್ಯಕ್ತಿ ಕೆಲಸ ಬಿಟ್ಟು ಖಾತೆ ಅಳಿಸಿದರೆ, ಸೆಟ್ಟಿಂಗ್ ಬದಲಿಸದಿದ್ದಲ್ಲಿ ಒನ್‌ಡ್ರೈವ್ 30 ದಿನ ಮಾತ್ರ ಉಳಿದಿರುತ್ತದೆ. ಹಾಗಾಗಿ ಮೊದಲ ನಿಯಮ: ಡ್ರಾಯಿಂಗ್ ಚಾಟ್‌ನಲ್ಲಿ ಹೋಗಕೂಡದು.

ಡ್ರಾಯಿಂಗ್ ಚಾನೆಲಿನ ಫೈಲ್ ಜಾಗದಲ್ಲಿ ‘ಚಾಲ್ತಿ’ ಮತ್ತು ‘ರದ್ದು’ ಎಂದು ಎರಡು ಫೋಲ್ಡರ್ ಮಾಡಿ. ಟೀಮಿನ ಯಾವ ಸದಸ್ಯರಾದರೂ ಯಾವ ಫೈಲನ್ನಾದರೂ ತಿದ್ದಬಹುದು, ಅಳಿಸಬಹುದು ಎಂಬುದು ಟೀಮ್ಸ್‌ನ ಮೂಲ ಸ್ಥಿತಿ. ಅದನ್ನು ಹಾಗೇ ಬಿಟ್ಟರೆ ಎರಡನೇ ವಾರದೊಳಗೆ ಯಾರೋ ಫೋನಿನಲ್ಲಿ ಬೆರಳು ಜಾರಿಸಿ ಡ್ರಾಯಿಂಗ್ ಅಳಿಸಿರುತ್ತಾರೆ. (ಅಳಿಸಿದ ಫೈಲು ಶೇರ್‌ಪಾಯಿಂಟ್‌ನ ಕಸದ ಬುಟ್ಟಿಯಲ್ಲಿ 93 ದಿನ ಇರುತ್ತದೆ, ಗಾಬರಿ ಬೇಡ.) ಶೇರ್‌ಪಾಯಿಂಟ್‌ನಲ್ಲಿ ಆ ಫೋಲ್ಡರುಗಳ ಅನುಮತಿಯನ್ನು ಮೇಲಿನಿಂದ ಬರುವ ಅನುಮತಿಯಿಂದ ಬಿಡಿಸಿ, ಡಿಸೈನ್‌ನ 3 ಮಂದಿಗೆ ತಿದ್ದುವ ಹಕ್ಕು, ಉಳಿದವರಿಗೆ ನೋಡುವ ಹಕ್ಕು ಮಾತ್ರ ಕೊಡಿ. ಫೈಲಿನ ಹೆಸರು ಪಾರ್ಟ್ ನಂಬರ್, ಆಮೇಲೆ ರಿವಿಜನ್ ಅಕ್ಷರ, ಅಷ್ಟೇ. ‘ಫೈನಲ್’, ‘ನ್ಯೂ’, ‘ಕರೆಕ್ಟೆಡ್’ ಎಂಬ ಪದಗಳು ಹೆಸರಿನಲ್ಲಿ ಕಂಡರೆ ಆ ಫೈಲನ್ನು ಸ್ವೀಕರಿಸಬೇಡಿ. ಹೊಸದು ಬಂದಾಗ ಹಳೆಯದನ್ನು ‘ರದ್ದು’ ಫೋಲ್ಡರಿಗೆ ಸಾಗಿಸುವವರು ಡಿಸೈನ್‌ನವರೇ. ಒಂದು ಪಾರ್ಟ್‌ಗೆ ‘ಚಾಲ್ತಿ’ಯಲ್ಲಿ ಯಾವಾಗಲೂ ಒಂದೇ ಫೈಲು.

ಇಲ್ಲಿಗೆ ಬರಬೇಕಾದದ್ದು ಪಿಡಿಎಫ್ ಮಾತ್ರ. ಕ್ಯಾಡ್ ಮೂಲ ಫೈಲುಗಳನ್ನು ಈಗಿರುವ ಸರ್ವರಿನಲ್ಲೇ ಬಿಡಿ. ಒಂದು ಅಸೆಂಬ್ಲಿ ಫೈಲು ಹತ್ತಾರು ಬಿಡಿಭಾಗಗಳ ಫೈಲುಗಳಿಗೆ ದಾರಿ ಹಿಡಿದು ಕೂತಿರುತ್ತದೆ. ಅವನ್ನು ಶೇರ್‌ಪಾಯಿಂಟ್‌ಗೆ ಸರಿಸಿದರೆ ಆ ದಾರಿ ತಪ್ಪಿ, ತೆರೆದಾಗ ಅರ್ಧ ಭಾಗಗಳು ಕಾಣದಾಗುತ್ತವೆ. ಡಿಸೈನ್‌ನವರ ಪೂರ್ತಿ ದಿನ ಅದನ್ನು ಸರಿಪಡಿಸುವುದರಲ್ಲೇ ಹೋಗುತ್ತದೆ.

ನೋಟಿಫಿಕೇಶನ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ, ಯಾಕೆಂದರೆ ಟೀಮ್ಸ್ ಬಗ್ಗೆ ಸೂಪರ್‌ವೈಸರ್‌ಗಳ ಮುಕ್ಕಾಲು ದೂರುಗಳ ಬೇರು ಇಲ್ಲಿದೆ. ವಾಟ್ಸಾಪ್ ಗುಂಪಿನಲ್ಲಿ ಏನೇ ಬಂದರೂ ಫೋನು ಸದ್ದು ಮಾಡುತ್ತದೆ. ಟೀಮ್ಸ್ ಚಾನೆಲಿನಲ್ಲಿ ಹಾಗಲ್ಲ. ನಿಮ್ಮನ್ನು ಹೆಸರಿಸದೆ ಯಾರಾದರೂ ಪೋಸ್ಟ್ ಹಾಕಿದರೆ ಚಾನೆಲ್ ಹೆಸರು ದಪ್ಪಕ್ಷರವಾಗುತ್ತದೆ, ಅಷ್ಟೇ. ಆದ್ದರಿಂದ ಡ್ರಾಯಿಂಗ್ ಚಾನೆಲ್ ಒಂದಕ್ಕೆ ಮಾತ್ರ ಪ್ರತಿಯೊಬ್ಬರ ಫೋನಿನಲ್ಲೂ ‘ಎಲ್ಲ ಚಟುವಟಿಕೆ’ಗೆ ನೋಟಿಫಿಕೇಶನ್ ಬರುವಂತೆ ನೀವೇ ಕೂತು ಬದಲಿಸಿ. ಉಳಿದ ಮೂರನ್ನು ಹಾಗೇ ಬಿಡಿ. ನಾಲ್ಕಕ್ಕೂ ಸದ್ದು ಹಾಕಿದರೆ ಮೂರನೇ ದಿನ ಜನ ಪೂರ್ತಿ ಆ್ಯಪನ್ನೇ ಮೂಕ ಮಾಡುತ್ತಾರೆ.

ಇನ್ನೊಂದು ಕಾರಣ ಫೋನಿನೊಳಗೇ ಇದೆ. ಅನೇಕ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತವೆ. ಆಗ ಸಂದೇಶ ಬರುವುದು ಆ್ಯಪ್ ತೆರೆದಾಗ ಮಾತ್ರ. ‘ಟೀಮ್ಸ್ ಸ್ಲೋ, ವಾಟ್ಸಾಪ್ ಫಾಸ್ಟ್’ ಎಂಬ ಮಾತು ಹೆಚ್ಚಾಗಿ ಇದರಿಂದ ಹುಟ್ಟುತ್ತದೆ. ಪ್ರತಿ ಫೋನಿನಲ್ಲಿ ಟೀಮ್ಸ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ತಾನಾಗಿ ಶುರುವಾಗುವ ಆಟೋಸ್ಟಾರ್ಟ್ ಆಯ್ಕೆ ಇದ್ದರೆ ಅದನ್ನೂ ಕೊಡಿ. ಫೋನಿಗೆ ಐದು ನಿಮಿಷದಂತೆ 23 ಫೋನಿಗೆ ಎರಡು ಗಂಟೆ. ಪೈಲಟ್‌ನಲ್ಲಿ ಇದಕ್ಕಿಂತ ಒಳ್ಳೆಯ ಎರಡು ಗಂಟೆ ಬೇರೊಂದಿಲ್ಲ. ಅದೇ ಹೊತ್ತಿಗೆ ಲಾಗಿನ್ ಖಚಿತಪಡಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ ಲಾಗಿನ್ ಮುಗಿಸಿ, ಶಿಫ್ಟ್ ಇಲ್ಲದ ಹೊತ್ತಿಗೆ ಫೋನ್ ಸುಮ್ಮನಿರುವ ಕ್ವಯಟ್ ಅವರ್ಸ್ ಇಟ್ಟುಕೊಡಿ. ರಾತ್ರಿ ಪಾಳಿ ಮುಗಿಸಿ ಮಲಗಿದವರನ್ನು ಬೆಳಿಗ್ಗೆ 9ರ ಪೋಸ್ಟ್ ಎಬ್ಬಿಸಬಾರದು.

ಆ ಫೋನು ಅವರ ಸ್ವಂತದ್ದು. ‘ಕಂಪನಿಯವರು ನನ್ನ ಫೋಟೋ ನೋಡ್ತಾರಾ?’ ಎಂಬ ಭಯ ಸಹಜ, ಅದಕ್ಕೆ ನೇರ ಉತ್ತರ ಕೊಡಿ: ಟೀಮ್ಸ್‌ಗೆ ಕಂಪನಿ ಖಾತೆಯಿಂದ ಲಾಗಿನ್ ಆದ ಮಾತ್ರಕ್ಕೆ ಫೋನಿನ ಫೋಟೋ, ವಾಟ್ಸಾಪ್, ಕರೆಗಳು ಕಂಪನಿಗೆ ಕಾಣುವುದಿಲ್ಲ, ಟೀಮ್ಸ್‌ನೊಳಗೆ ಬರೆದದ್ದು, ಹಾಕಿದ್ದು ಕಂಪನಿಯ ದಾಖಲೆ. ಎರಡನ್ನೂ ಹೇಳಿ.

ವಾಟ್ಸಾಪ್‌ನ ನೀಲಿ ಟಿಕ್ಕು ಚಾನೆಲಿನಲ್ಲಿ ಸಿಗುವುದಿಲ್ಲ. ಓದಿದ ಗುರುತು ತೋರಿಸುವ ಸೌಲಭ್ಯ ಇರುವುದು ಚಾಟ್‌ಗೆ ಮಾತ್ರ. ಹಾಗಾಗಿ ರಿವಿಜನ್ ತಲುಪಿದ್ದು ಗೊತ್ತಾಗಬೇಕಾದರೆ ಉತ್ತರ ಬರೆಯುವುದನ್ನೇ ನಿಯಮ ಮಾಡಬೇಕು. ಆ ಉತ್ತರ ‘ಓಕೆ ಸರ್’ ಎಂದಿದ್ದರೆ ಸಾಲದು. ಮಾಲು ಕೆಡುವುದು ಫೋನಿನಲ್ಲಿ ಅಲ್ಲ, ಯಂತ್ರದ ಪಕ್ಕ ಕ್ಲಿಪ್ಪಿಗೆ ಸಿಕ್ಕಿಸಿದ ಹಳೆಯ ಪ್ರಿಂಟಿನಿಂದ. ಹೊಸ ಪಿಡಿಎಫ್ ಎಲ್ಲರ ಕೈಗೆ ಬಂದಿದ್ದರೂ ಆ ಹಾಳೆ ಅಲ್ಲೇ ಇದ್ದರೆ ಆಪರೇಟರ್ ಅದನ್ನೇ ನೋಡುತ್ತಾರೆ. ಆದ್ದರಿಂದ ಶಿಫ್ಟಿನ ಸೂಪರ್‌ವೈಸರ್ ಬರೆಯಬೇಕಾದ ಉತ್ತರ ಹೀಗಿರಲಿ: ‘ರೆವ್ ಬಿ ಪ್ರಿಂಟ್ 2 ಯಂತ್ರಗಳಿಂದ ತೆಗೆದೆ, ರೆವ್ ಸಿ ಹಾಕಿದೆ.’ ಜೊತೆಗೆ ಹೊಸ ಪ್ರಿಂಟಿನ ಒಂದು ಫೋಟೋ. ಮೂರು ಶಿಫ್ಟಿನ ಮೂರು ಉತ್ತರ ಒಂದೇ ಪೋಸ್ಟಿನ ಕೆಳಗೆ ಬಂದ ಮೇಲೆ ಪ್ಲಾನಿಂಗ್‌ನವರು ‘ಮುಗಿಯಿತು’ ಎಂದು ಮುಚ್ಚಲಿ. ನಿಮ್ಮ ಪೈಲಟ್‌ನ ನಿಜವಾದ ಲಾಭ ಈ ಮೂರು ಸಾಲಿನಲ್ಲಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪೋಸ್ಟ್ ಬರೆಯುವ ರೀತಿಗೆ ಎರಡೇ ಕಟ್ಟಳೆ. ವಿಷಯದ ಸಾಲಿನಲ್ಲಿ ಮೊದಲು ಪಾರ್ಟ್ ನಂಬರ್. ಭಾಷೆ ಕನ್ನಡ, ಮರಾಠಿ, ಹಿಂದಿ ಯಾವುದಾದರೂ ಇರಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಇರಲಿ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದ ಪದವನ್ನು ಆಮೇಲೆ ಹುಡುಕಿ ತೆಗೆಯಲಾಗುವುದಿಲ್ಲ, ನಂಬರನ್ನು ಹುಡುಕಬಹುದು. ಎರಡನೆಯದು, ಉತ್ತರವನ್ನು ಆ ಪೋಸ್ಟಿನ ಕೆಳಗೇ ಬರೆಯುವುದು. ವಾಟ್ಸಾಪ್ ಅಭ್ಯಾಸದವರು ಪ್ರತಿ ಉತ್ತರಕ್ಕೂ ಹೊಸ ಪೋಸ್ಟ್ ಶುರು ಮಾಡುತ್ತಾರೆ. ಮೊದಲ ವಾರ ಇದು ನಡೆದೇ ನಡೆಯುತ್ತದೆ. ಎಲ್ಲರೆದುರು ತಿದ್ದದೆ, ಶಿಫ್ಟಿಗೊಬ್ಬರಂತೆ ನೇಮಿಸಿದ ಸಹಾಯಕರು ಪಕ್ಕದಲ್ಲಿ ನಿಂತು ತೋರಿಸಲಿ.

ತರಬೇತಿ 45 ನಿಮಿಷ, ಒಮ್ಮೆಗೆ 8 ಜನ, ಅವರವರ ಫೋನಿನಲ್ಲಿ, ನಿಜವಾದ ಒಂದು ಡ್ರಾಯಿಂಗ್ ಇಟ್ಟುಕೊಂಡು. ಸ್ಲೈಡು ಬೇಡ. ಎಂಟು ದಿನದ ನಂತರ ಅದೇ ಗುಂಪಿಗೆ ಮತ್ತೆ 45 ನಿಮಿಷ. ಪ್ರಶ್ನೆಗಳು ಹುಟ್ಟುವುದು ಆಗಲೇ.

ಮೀಟಿಂಗ್ ಈ ಪೈಲಟ್‌ನ ಮುಖ್ಯ ಭಾಗವಲ್ಲ, ಆದರೂ ಪೀಣ್ಯ ಮತ್ತು ಬೆಳಗಾವಿ ನಡುವೆ ವಾರಕ್ಕೊಂದು ಇರುತ್ತದೆ. ವೀಡಿಯೊ ಮೀಟಿಂಗಿಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡುವುದು ಒಂದು ಸಂಪರ್ಕಕ್ಕೆ ಕಳಿಸಲು 2.5, ಪಡೆಯಲು 4 ಎಂಬಿಪಿಎಸ್. ಒಂದೇ ಕಟ್ಟಡದಿಂದ 8 ಜನ 8 ಲ್ಯಾಪ್‌ಟಾಪಿನಲ್ಲಿ ಸೇರಿದರೆ ಪಡೆಯುವುದಕ್ಕೇ 32 ಎಂಬಿಪಿಎಸ್ ಆಯಿತು. ಒಂದು ಕೋಣೆ, ಒಂದು ಸಂಪರ್ಕ ಎಂದು ಮಾಡಿ. ಫೈರ್‌ವಾಲ್‌ನಲ್ಲಿ ದನಿ, ಚಿತ್ರ ಸಾಗುವ ಯುಡಿಪಿ 3478ರಿಂದ 3481ರವರೆಗಿನ ಪೋರ್ಟ್ ಹೊರಕ್ಕೆ ತೆರೆದಿರಲಿ. ಅವು ಮುಚ್ಚಿದ್ದರೆ ಟೀಮ್ಸ್ ಸಾಮಾನ್ಯ ವೆಬ್ ಪೋರ್ಟ್ ಆದ ಟಿಸಿಪಿ 443ರ ಮೇಲೆ ನಡೆಯುತ್ತದೆ; ಕರೆ ಸೇರುತ್ತದೆ, ದನಿ ತುಂಡಾಗುತ್ತದೆ, ಕಾರಣ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಆರು ವಾರದ ಓಟದಲ್ಲಿ ಮೊದಲ ಎರಡು ವಾರ ಡ್ರಾಯಿಂಗ್ ಚಾನೆಲ್ ಮಾತ್ರ ಕಡ್ಡಾಯ. ಮೂರನೇ ವಾರದ ಸೋಮವಾರ ಈ ಗ್ರಾಹಕರ ವಾಟ್ಸಾಪ್ ಗುಂಪನ್ನು ಮುಚ್ಚಬೇಕು. ಗುಂಪು ಅಳಿಸಬೇಡಿ, ಹಳೆಯ ಮಾತು ಬೇಕಾಗುತ್ತದೆ. ಗುಂಪಿನ ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು ಎಂದು ಬದಲಿಸಿ, ಇಂದಿನಿಂದ ಟೀಮ್ಸ್‌ನಲ್ಲಿ ಎಂದು ಒಂದು ಸಾಲು ಪಿನ್ ಮಾಡಿ. ಈ ದಿನವನ್ನು ಮುಂದೂಡಿ ಎಂಬ ಒತ್ತಡ ಬರುತ್ತದೆ. ಒಪ್ಪಬೇಡಿ. ಎರಡು ದೋಣಿಯ ಮೇಲೆ ಕಾಲಿಟ್ಟು ಆರು ವಾರ ಕಳೆದರೆ ಅಳೆಯಲು ಏನೂ ಉಳಿಯುವುದಿಲ್ಲ. ಆದರೆ ಬಸ್ ತಡ, ಕ್ಯಾಂಟೀನ್, ಮನೆಯ ಕಷ್ಟಸುಖದ ಗುಂಪುಗಳನ್ನು ಮುಟ್ಟಬೇಡಿ, ಅವು ಜನರದ್ದು. ಫರ್ನೇಸ್ ನಿಂತರೆ, ಯಾರಿಗಾದರೂ ಪೆಟ್ಟಾದರೆ ಫೋನ್ ಕರೆಯೇ ಸರಿ, ಪೋಸ್ಟ್ ಆಮೇಲೆ. ಗ್ರಾಹಕರು ವಾಟ್ಸಾಪ್‌ನಲ್ಲೇ ಡ್ರಾಯಿಂಗ್ ಕಳಿಸುತ್ತಾರೆ, ಅವರನ್ನು ತಡೆಯಲಾಗದು; ಪಡೆದ ಸೇಲ್ಸ್‌ನವರು 30 ನಿಮಿಷದೊಳಗೆ ಚಾನೆಲಿಗೆ ಹಾಕಲಿ.

ಮೂರು, ನಾಲ್ಕನೇ ವಾರದಲ್ಲಿ ರಿಜೆಕ್ಷನ್ ಫೋಟೋಗಳನ್ನು ಸೇರಿಸಿ. ಐದು, ಆರನೇ ವಾರದಲ್ಲಿ ಏನನ್ನೂ ಬದಲಿಸದೆ ಅಳೆಯಿರಿ. ಅಡ್ಮಿನ್ ಸೆಂಟರಿನ ವರದಿ 7, 30, 90 ದಿನಗಳ ಸಕ್ರಿಯ ಬಳಕೆದಾರರನ್ನು ತೋರಿಸುತ್ತದೆ. ಅದನ್ನು ಆಡಳಿತದ ಮುಂದೆ ಸಾಧನೆಯೆಂದು ಇಡಬೇಡಿ. 23ರಲ್ಲಿ 22 ಮಂದಿ ಸಕ್ರಿಯರೆಂದು ಅದು ತೋರಿಸುತ್ತಿರುವಾಗಲೇ ಡ್ರಾಯಿಂಗ್ ವಾಟ್ಸಾಪ್‌ನಲ್ಲಿ ಓಡಾಡುತ್ತಿರಬಹುದು. ಇಡಬೇಕಾದದ್ದು ಶುರುವಿನಲ್ಲಿ ಬರೆದಿಟ್ಟ ಆ ಮೂರು ಅಂಕಿಯ ಹೊಸ ಬೆಲೆ.

ಪಾಸು, ಫೇಲು ಯಾವುದೆಂದು ಮೊದಲ ದಿನಕ್ಕೆ ಮುಂಚೆಯೇ ಬರೆದು ಸಹಿ ಮಾಡಿಸಿಡಿ. ನಮ್ಮ ಸಲಹೆ: ಕೊನೆಯ ಎರಡು ವಾರದ ಪ್ರತಿ 10 ರಿವಿಜನ್‌ನಲ್ಲಿ 9ಕ್ಕೆ, ಪ್ರತಿ ಶಿಫ್ಟ್ ತನ್ನ ಪಾಳಿ ಶುರುವಾದ ಒಂದು ಗಂಟೆಯೊಳಗೆ ಪ್ರಿಂಟ್ ಬದಲಿಸಿದ ಉತ್ತರ ಹಾಕಿರಬೇಕು, ವಾಟ್ಸಾಪ್‌ನಲ್ಲಿ ಒಳಗಿನವರು ಕಳಿಸಿದ ಡ್ರಾಯಿಂಗ್ ಸೊನ್ನೆ ಇರಬೇಕು. ಎರಡೂ ಆದರೆ ವಿಸ್ತರಿಸಿ. ಮೊದಲನೆಯದು 6ರಿಂದ 8ರ ನಡುವೆ ನಿಂತರೆ ಇನ್ನೆರಡು ವಾರ, ಅದೂ ಹಿಂದೆ ಬಿದ್ದ ಶಿಫ್ಟಿನಲ್ಲಿ ಮಾತ್ರ. ಅದಕ್ಕಿಂತ ಕೆಳಗಿದ್ದರೆ ನಿಲ್ಲಿಸಿ, ಯಾವ ಕೈಯಲ್ಲಿ ತಡೆಯಿತು ಎಂದು ಆ ಪೋಸ್ಟುಗಳನ್ನೇ ಓದಿ ನೋಡಿ.

ವಿಸ್ತರಿಸುವಾಗ ಉಳಿದ 62 ಮಂದಿಯನ್ನು ಒಂದೇ ಸೋಮವಾರ ಸೇರಿಸಬೇಡಿ. ಮುಂದಿನ ಸರಪಳಿ ಪರ್ಚೇಸ್, ಸ್ಟೋರ್ಸ್, ಅಕೌಂಟ್ಸ್. ಇವುಗಳಲ್ಲಿ ಎರಡು ಇಲಾಖೆಗಳವರು ಒಬ್ಬೊಬ್ಬರು ಪೈಲಟ್‌ನಲ್ಲಿ ಆಗಲೇ ಪಳಗಿರುತ್ತಾರೆ. ಕಂಪ್ಯೂಟರ್ ಇಲ್ಲದ 155 ಮಂದಿಗೆ ಈಗಲೇ ಲೈಸೆನ್ಸ್ ಕೊಳ್ಳುವ ಅವಸರ ಬೇಡ. ಮುಂದೆ ಬೇಕಾದರೆ ಎಫ್1, ಎಫ್3 ಎಂಬ ಫ್ರಂಟ್‌ಲೈನ್ ಪ್ಲಾನುಗಳಿವೆ. ಸದ್ಯಕ್ಕೆ ಅವರಿಗೆ ಬೇಕಾದದ್ದು ಯಂತ್ರದ ಪಕ್ಕ ಸರಿಯಾದ ಪ್ರಿಂಟು.

ಪೈಲಟ್ ಫೇಲಾದರೂ ಟೀಮನ್ನು ಅವಸರದಲ್ಲಿ ಅಳಿಸಬೇಡಿ. ಅಳಿಸಿದ ಟೀಮನ್ನು ಮರಳಿ ತರಲು 30 ದಿನ ಮಾತ್ರ ಅವಕಾಶ. ಮೊದಲು ‘ಚಾಲ್ತಿ’ ಫೋಲ್ಡರನ್ನು ಪೂರ್ತಿ ಇಳಿಸಿ ಡಿಸೈನ್‌ನ ಸರ್ವರಿನಲ್ಲಿ ಇಡಿ, ಪ್ರತಿ ಪಾರ್ಟಿನ ರಿವಿಜನ್ ಅಕ್ಷರವನ್ನು ಯಂತ್ರದ ಮೇಲಿರುವ ಪ್ರಿಂಟಿನೊಂದಿಗೆ ತಾಳೆ ನೋಡಿ, ಆಮೇಲೆ ಟೀಮನ್ನು ಆರ್ಕೈವ್ ಮಾಡಿ. ಓದಲು ಅದು ಅಲ್ಲೇ ಇರುತ್ತದೆ.